ನಮ್ಮ ಮುದ್ರಣಾಲಯದ ನಲ್ಲಿಯಕ್ಕ

ಗಾಯವಾದ ಗಳಿಗೆಗೂ ವೈದ್ಯರ ಕೈ ಸೇರುವ ಗಳಿಗೆಗೂ ನಡುವಿನ ಸಣ್ಣ ಅವಧಿಯನ್ನೇ ತಮ್ಮ ಕಾರ್ಯಕ್ಷೇತ್ರವಾಗಿಸಿಕೊಂಡು, ಮೂವತ್ತೊಂದು ವರ್ಷ ನಮ್ಮ ಮುದ್ರಣಾಲಯದ ಪ್ರಥಮ ಚಿಕಿತ್ಸೆಯ ಕೊಠಡಿಯನ್ನು ನಡೆಸಿದ ದಾದಿಯವರು ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿದ್ದಾರೆ. ಕೊಯ್ದುಕೊಂಡು ಬಂದವರಿಗೂ ಸುಟ್ಟುಕೊಂಡು ಬಂದವರಿಗೂ ಅವರ ಮೊದಲ ಮಾತು "ನಲ್ಲಿ ಕೆಳಗೆ ಹಿಡಿ" ಎಂಬುದೇ ಆದ್ದರಿಂದ, ಹಾಜರಿ ಪುಸ್ತಕದಲ್ಲಿ ಹೆಸರು ಏನೇ ಇರಲಿ, ನಮಗೆ ಅವರು ನಲ್ಲಿಯಕ್ಕ.

ನಾನು ಪುಸ್ತಕ ಹೊಲಿಯುವ ವಿಭಾಗಕ್ಕೆ ಸೇರಿದ ಎರಡನೆಯ ತಿಂಗಳು, ಕಾಗದ ಕತ್ತರಿಸುವ ಚಾಕು ಜಾರಿ ನನ್ನ ಬಲಗೈ ತೋರುಬೆರಳನ್ನು ಸೀಳಿತು. ಹೊಲಿಗೆಯವನಿಗೆ ಆ ಬೆರಳೇ ಅನ್ನ. ನಮ್ಮ ವಿಭಾಗದಲ್ಲಿ ಅಂಥದ್ದಕ್ಕೊಂದು ರೂಢಿಯಿತ್ತು: ಗಾಯಕ್ಕೆ ಮೈದಾ ಅಂಟು ಮೆತ್ತಿ, ಹೊಲಿಗೆಯ ದಾರವನ್ನು ಬಿಗಿಯಾಗಿ ಸುತ್ತಿಬಿಡುವುದು. "ಈ ದಾರಕ್ಕೆ ಸಾವಿರ ಪುಟ ನಿಲ್ಲತ್ತೆ, ನಿನ್ನ ಹನಿ ರಕ್ತ ನಿಲ್ಲಲ್ವೇನೋ?" ಎಂದು ಮೇಸ್ತ್ರಿಗಳು ನಗುತ್ತಲೇ ಸುತ್ತಿದರು. ರಕ್ತವೇನೋ ನಿಂತಿತು. ಆದರೆ ಮೂರು ಗಂಟೆಯಲ್ಲಿ ಬೆರಳು ಊದಿ, ನೇರಳೆ ಬಣ್ಣಕ್ಕೆ ತಿರುಗಿ, ಚಿವುಟಿದರೂ ಅರಿಯದಂತಾಯಿತು. ಕೆಲಸ ಹೋದೀತೆಂಬ ಅಂಜಿಕೆಯಿಂದ ನಾನು ಕೈಯನ್ನು ಜೇಬಿನಲ್ಲಿ ಅಡಗಿಸಿಕೊಂಡೇ ಇದ್ದೆ. ಜೇಬನ್ನು ಮೊದಲು ಗಮನಿಸಿದವರು ನಲ್ಲಿಯಕ್ಕನೇ.

ಅವರು ಬೈಯಲಿಲ್ಲ. ಅಂಟು ಒಣಗಿ ದಾರ ಕಲ್ಲಾಗಿತ್ತು. ಕತ್ತರಿಯ ತುದಿ ತೂರಲು ಎಡೆಯಿರಲಿಲ್ಲ. ನಲ್ಲಿಯ ನೀರಿನಲ್ಲಿ ನೆನೆಸಿ ನೆನೆಸಿ, ಒಂದೊಂದೇ ಸುತ್ತು ಕತ್ತರಿಸಿದರು. ಮತ್ತೆ ರಕ್ತ ಚಿಮ್ಮಿದಾಗ ಶುದ್ಧವಾದ ಬಟ್ಟೆಯನ್ನು ಒತ್ತಿ, ನನ್ನ ಕೈಯನ್ನು ಎದೆಗಿಂತ ಮೇಲೆ ಎತ್ತಿ ಹಿಡಿದು, ಬಟ್ಟೆ ತೆಗೆದು ಇಣುಕದೆ ಹತ್ತು ನಿಮಿಷ ಹಾಗೆಯೇ ನಿಂತರು. ಆಮೇಲೆ ಬೆರಳ ತುದಿಗೆ ರಕ್ತ ಮರಳುತ್ತಿದೆಯೇ ಎಂದು ನೋಡಲು ಉಗುರನ್ನು ಒತ್ತಿ ಬಿಟ್ಟರು: ಬಣ್ಣ ಬರಲಿಲ್ಲ. ಮತ್ತೆ ಒತ್ತಿದರು: ಇಲ್ಲ. ಅಜ್ಜಿ ಹಾಡಿ ಹಾಡಿ ನನಗೆ ಬಾಯಿಪಾಠವಾಗಿದ್ದ ದೇವರ ಪದ್ಯಗಳಲ್ಲಿ ಒಂದೂ ಅಂದು ಎರಡನೆಯ ಸಾಲು ದಾಟಲಿಲ್ಲ. ಎಷ್ಟನೆಯ ಸಲವೋ, ಉಗುರಿನಡಿ ತೆಳುವಾಗಿ ಕೆಂಪು ಹರಿಯಿತು. ಅಕ್ಕ ಉಸಿರು ಬಿಟ್ಟು, ಹೊಲಿಗೆ ಹಾಕಿಸಲು ತಾವೇ ಆಸ್ಪತ್ರೆಗೆ ಕರೆದೊಯ್ದರು.

ಮರುದಿನ ಅವರು ನಮ್ಮ ವಿಭಾಗಕ್ಕೆ ಬಂದು, ಮೇಸ್ತ್ರಿಗಳ ಮುಂದೆ ತಮ್ಮ ಕಿರುಬೆರಳು ಚಾಚಿದರು.

"ಕಟ್ಟಿ ಮೇಸ್ತ್ರಿಗಳೇ. ನಿಮ್ಮ ಕೈಗುಣ ನಾನೂ ಸ್ವಲ್ಪ ನೋಡ್ತೀನಿ."

ಮೇಸ್ತ್ರಿಗಳು ಹೆಮ್ಮೆಯಿಂದಲೇ ಕಟ್ಟಿದರು. ಅಕ್ಕ ಅದೂ ಇದೂ ಮಾತಾಡುತ್ತ ಕುಳಿತರು. ಬೆರಳು ಕಪ್ಪಿಡತೊಡಗಿದಾಗ ಕತ್ತರಿಗಾಗಿ ತಡಕಾಡಿದವರು ಮೇಸ್ತ್ರಿಗಳೇ. ಮುಂದೆ ಗಾಯ ತೊಳೆದು ಒತ್ತಿ ಹಿಡಿಯುವುದನ್ನು ಮೊದಲು ಕಲಿತವರೂ ಅವರೇ. ಅವರ ಹಿಂದೆ ನಾನು.

ಅಕ್ಕನ ಜಾಗಕ್ಕೆ ಇನ್ನೂ ಯಾರೂ ಬಂದಿಲ್ಲ. ಬರುವ ತನಕ ಕೊಠಡಿಯನ್ನು ನೋಡಿಕೊಳ್ಳುವ ಹೊಣೆ ನನ್ನ ಮೇಲಿದೆ. ಹೊಣೆ ವಹಿಸಿದಂದಿನಿಂದ ನನಗೆ ನೆಟ್ಟಗೆ ಊಟ ಸೇರಿಲ್ಲ. ಯಾರ ಬೆರಳು, ಯಾವ ಗಳಿಗೆಯಲ್ಲಿ ನನ್ನ ಕೈಗೆ ಬಂದೀತೋ! ಮೊನ್ನೆ ನಾಚಿಕೆ ಬಿಟ್ಟು ಹೇಳಿಕೊಂಡೆ: "ಅಕ್ಕಾ, ರಕ್ತ ಕಂಡ್ರೆ ಈಗ್ಲೂ ಕೈ ನಡುಗತ್ತೆ."

"ನಂದು ನಡುಗಲ್ಲ ಅಂದ್ಕೊಂಡ್ಯಾ? ಗಾಯ ಮುಟ್ಟೋಕ್ ಮುಂಚೆ ಸೋಪು ಹಾಕಿ ನಮ್ಮ ಕೈ ತೊಳ್ಕೊಬೇಕಲ್ಲ, ಆವಾಗ ನಡುಗಿಸ್ಕೊಂಡ್ಬಿಡು. ನೀರಲ್ಲಿ ಯಾರಿಗೂ ಕಾಣಲ್ಲ."

ದೇವರು ಅವರಿಗೆ ತುಂಬು ಆಯುಷ್ಯವನ್ನೂ, ಹೊಸಬರಿಗೆ ಕಲಿಸಲು ವಾರಕ್ಕೊಮ್ಮೆ ನಮ್ಮ ಮೆಟ್ಟಿಲು ಹತ್ತುವಷ್ಟು ಕಾಲಿನ ಕಸುವನ್ನೂ ಕೊಡಲಿ. ನಿವೃತ್ತಿಯ ನಂತರದ ಮೊದಲ ಸೋಮವಾರವೇ ಬರುವುದಾಗಿ ಮಾತು ಕೊಟ್ಟಿದ್ದಾರೆ. ಅಲ್ಲಿಯವರೆಗೆ ಹೊಸ ಸೋಪು ತಂದಿಟ್ಟು ಕಾಯುತ್ತಿರುತ್ತೇನೆ.