ಅಪ್ಪ ತಳ ತೊಳೆಯಗೊಡದ ಲಾರಿ

ಆಯುಧಪೂಜೆಗೆ ಕೌಲ್ ಬಜಾರಿನ ನಮ್ಮ ಓಣಿಯ ಲಾರಿಗಳೆಲ್ಲ ಮೇಲೆ ಕೆಳಗೆ ಮಿಂದು ನಿಂತರೆ, ನಮ್ಮದು ಮಾತ್ರ ಮುಖ ತೊಳೆದುಕೊಂಡು ನಿಲ್ಲುತ್ತಿತ್ತು. ಅಪ್ಪ ಅದರ ತಳಕ್ಕೆ ಯಾರನ್ನೂ ಬಿಡುತ್ತಿರಲಿಲ್ಲ. "ಜಿಡ್ಡು ಇದ್ರ ಕಬ್ಬಿಣಕ್ಕ ತುಕ್ಕು ಹತ್ತಂಗಿಲ್ಲ," ಎನ್ನುತ್ತಿದ್ದ. ಮೇಲೆ ಥಳುಕು, ಒಳಗೆ ಹುಳುಕು ಎಂದು ಓಣಿಯವರು ನಗುತ್ತಿದ್ದರು. ನಾನೂ ಅವರ ಜೊತೆ ನಗುತ್ತಿದ್ದೆ. ಆದರೆ ನನಗೆ ಒಳಗೊಳಗೇ ಒಂದು ಅನುಮಾನವಿತ್ತು.

ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ಸಿರುಗುಪ್ಪದಿಂದ ಭತ್ತ ತರುತ್ತಿದ್ದೆವು. ಅಪ್ಪ ಓಡಿಸುತ್ತಿದ್ದ, ನಾನು ಪಕ್ಕದಲ್ಲಿ ಕೂತಿದ್ದೆ. ಕುರುಗೋಡಿನಲ್ಲಿ ಇನ್ನಷ್ಟು ಚೀಲ ಹೇರಿಕೊಂಡು ಊರು ದಾಟಿದ್ದಷ್ಟೇ, ಹಿಂದಿನ ಗಾಲಿ ಮೆತ್ತಗಿನ ಏನನ್ನೋ ಹತ್ತಿ ಇಳಿಯಿತು. ಅಪ್ಪನ ಕಾಲು ಬ್ರೇಕಿನ ಮೇಲೆ ಹೋಗಿ ಹಿಂದಕ್ಕೆ ಬಂತು. "ಕುರಿ ಇರಬೇಕು," ಎಂದ. ನಿಂತರೆ ಜನ ಸೇರಿ ಬಡಿಯುತ್ತಾರೆಂಬ ಭಯ ಡ್ರೈವರುಗಳಿಗೆಲ್ಲ ಇದ್ದದ್ದೇ. ಕನ್ನಡಿಯಲ್ಲಿ ನೋಡಿದೆ, ಧೂಳು ಬಿಟ್ಟರೆ ಏನೂ ಕಾಣಲಿಲ್ಲ.

ಕುರಿಯೋ ಮನುಷ್ಯರೋ, ನಾವಿಬ್ಬರೂ ಆ ಪ್ರಶ್ನೆಯನ್ನು ಮತ್ತೆಂದೂ ಬಾಯಿಗೆ ತರಲಿಲ್ಲ. ಅಪ್ಪ ಲಾರಿಯ ತಳಕ್ಕೆ ಯಾರನ್ನೂ ಬಿಡದಾದದ್ದು ಅಂದಿನಿಂದಲೇ. ಪೇಪರಿನಲ್ಲಿ ಕುರುಗೋಡು ಎಂಬ ಹೆಸರು ಕಂಡರೆ ಸಾಕು, ಪುಟ ತಿರುವಿಬಿಡುತ್ತಿದ್ದೆ. ಹೇಡಿ ನಾನು, ಈಗ ಮುಚ್ಚಿಟ್ಟು ಏನು ಮಾಡಲಿ.

ಹೋದ ವರ್ಷ ಅಪ್ಪ ತೀರಿಕೊಂಡ. ಲಾರಿ ರಸ್ತೆಗೆ ಯೋಗ್ಯ ಎಂದು ಆರ್‌ಟಿಓ ಕೊಡುವ ಎಫ್‌ಸಿ ಮುಗಿಯುತ್ತ ಬಂದಿತ್ತು; ಅಪ್ಪನಿದ್ದಾಗ ಪ್ರತಿಸಲ ಹೇಗೋ ಪಾಸ್ ಮಾಡಿಸಿಕೊಂಡು ಬರುತ್ತಿದ್ದ. ಅಪ್ಪನ ಕಾಲದಿಂದಲೂ ನಮ್ಮ ಗಾಡಿ ನೋಡುವ ಮುದುಕ ಮೇಸ್ತ್ರಿ, ನಾವೆಲ್ಲ ಚಾಚಾ ಎನ್ನುವವರು, ಬಗ್ಗಿ ನೋಡಿ ತಲೆಯಾಡಿಸಿದರು. "ಬೇಟಾ, ಜಿಡ್ಡಿನಾಗ ಚಾಸಿ ಕಾಣವಲ್ದು. ಇದನ್ನ ತೆಗಸ್ಲಿಲ್ಲಂದ್ರ ಪಾಸ್ ಮಾಡಂಗಿಲ್ಲ."

ಬೇರೆಯವರ ಕೈಗೆ ಕೊಡಲು ಮನಸ್ಸು ಬರಲಿಲ್ಲ. ಚಾಚಾ ಅವರ ಗ್ಯಾರೇಜಿನಲ್ಲೇ ಗೋಣಿಚೀಲ ಹಾಸಿಕೊಂಡು ನಾನೇ ಕೆಳಗೆ ಹೊಕ್ಕೆ. ಜಿಡ್ಡಿನ ಮೇಲೆ ಡೀಸೆಲ್ ಬಳಿದು, ನೆನೆಯಲು ಬಿಟ್ಟು, ತಗಡಿನಿಂದ ಕೆರೆದೆ. ಬೆಲ್ಲದ ಹೆಂಟೆಯಂತೆ ಎದೆಯ ಮೇಲೆ ಬೀಳುತ್ತಿತ್ತು. ಮೇಲಿನ ಪದರ ಕಪ್ಪು, ಅದರೊಳಗೆ ಅದಿರಿನ ಕೆಂಪು ಧೂಳು, ಅದಕ್ಕೂ ಒಳಗೆ ಭತ್ತದ ಹೊಟ್ಟು. ಏನೂ ಸಿಗದಿರಲಿ ಎಂದು ಬೇಡಿಕೊಳ್ಳುತ್ತಲೇ ಹುಡುಕುತ್ತಿದ್ದೆ.

ಎರಡನೆಯ ದಿನ ಮಧ್ಯಾಹ್ನ ಹಿಂದಿನ ಆಕ್ಸೆಲ್ ಮೇಲೆ ಬ್ರೇಕಿನ ಪೈಪಿಗೆ ಸುತ್ತಿಕೊಂಡ ಒಂದು ಬಟ್ಟೆ ತಗಡಿಗೆ ಸಿಕ್ಕಿತು. ಡೀಸೆಲ್‌ನಲ್ಲಿ ಅದ್ದಿ ತಿಕ್ಕಿದೆ. ಹಸಿರು ಸೀರೆಯ ತುಂಡು, ಹಳದಿ ಅಂಚು.

ಪೈಪು ಚಾಸಿಗೆ ತಿಕ್ಕಿ ತೂತಾಗದಿರಲಿ ಎಂದು ಕೆಲವು ಮೇಸ್ತ್ರಿಗಳು ಹಳೆ ಸೀರೆ ಸುತ್ತುವುದುಂಟು. ಆ ಒಂದು ಆಸೆ ಹಿಡಿದುಕೊಂಡು ಹೊರಗೆ ಬಂದೆ.

"ಚಾಚಾ, ಇದು ನೀವು ಕಟ್ಟಿದ್ದೇನ್ರಿ?"

ಅವರು ಮೊದಲು ನನ್ನ ಮುಖ ನೋಡಿದರು, ಆಮೇಲೆ ಬಟ್ಟೆ ನೋಡಿದರು. "ಹೂಂ, ನಾನ ಕಟ್ಟಿದ್ದೆ," ಎಂದು ಅದನ್ನು ಇಸಿದುಕೊಂಡು, ಅದರಿಂದಲೇ ಕೈ ಒರೆಸಿಕೊಂಡು ಚಿಂದಿ ಡಬ್ಬಿಗೆ ಹಾಕಿದರು.

ಚಾಚಾ ಪೈಪಿಗೆ ಕಟ್ಟುವುದು ಸೈಕಲ್ ಟ್ಯೂಬಿನ ಪಟ್ಟಿ. ಬಟ್ಟೆ ನೀರು ಕುಡಿದು ಪೈಪು ತಿನ್ನುತ್ತದೆ ಎಂದು ಬೇರೆ ಮೇಸ್ತ್ರಿಗಳನ್ನು ಬೈದದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಆದರೂ ಮತ್ತೊಂದು ಮಾತು ಕೇಳದೆ ಮನೆಗೆ ನಡೆದೆ.

ಬಚ್ಚಲ ಬಾಗಿಲಲ್ಲಿ ಸೋಪಿನ ಪುಡಿ ಹಾಕಿ ಕೈ ತಿಕ್ಕುತ್ತಿದ್ದೆ. ಅವ್ವ ತಂಬಿಗೆಯಿಂದ ನೀರು ಬಿಡುತ್ತ ಕೇಳಿದಳು. "ತಳದಾಗ ಏನರ ಸಿಕ್ತೇನು?"

ಆ ಸಂಜೆಯ ಮಾತನ್ನು ನಾನು ಅವಳಿಗೆ ಹೇಳಿರಲೇ ಇಲ್ಲ.

"ಏನೂ ಇರ್ಲಿಲ್ಲವ್ವಾ, ಬರೇ ಮಣ್ಣು."

ಅವ್ವ ತಂಬಿಗೆ ಕೆಳಗಿಟ್ಟಳು. "ಕುರುಗೋಡಿನಿಂದ ಬಂದ ದಿನ ನಿಮ್ಮಪ್ಪನೂ ಲಾರಿ ತಳಕ್ಕ ಹೊಕ್ಕು ಬಂದು, ಇಲ್ಲೇ ಹಿಂಗ ಕೈ ತಿಕ್ಕೊಂತ ನಿಂತಿದ್ರು," ಎಂದಳು. "ಅವರೂ ಏನೂ ಇರ್ಲಿಲ್ಲ ಅಂದ್ರು."