ಕೊಲಂಬೊ ಕಾಗೆ ಮತ್ತು ಅರ್ಧ ಸೀರೆ

ದೊಡ್ಡಬಳ್ಳಾಪುರದ ಶಶಿಕುಮಾರನ ಬದುಕಿನಲ್ಲಿ ಹೇಳಿಕೊಳ್ಳುವಂಥದ್ದು ಏನೂ ನಡೆದಿರಲಿಲ್ಲ. ಸೋದರಮಾವ ಬಚ್ಚಪ್ಪನವರ ಬಳಿ ಮಗ್ಗ ಕಲಿಯಲು ಹೋಗಿ, ನೇಯ್ದದ್ದಕ್ಕಿಂತ ಎಳೆ ಕಡಿದದ್ದೇ ಹೆಚ್ಚು. ಒಂದು ದಿನ ಹೇಳದೆ ಕೇಳದೆ ವಿಮಾನ ನಿಲ್ದಾಣದ ಸರಕು ಗೋದಾಮಿನಲ್ಲಿ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವ ಕೆಲಸಕ್ಕೆ ಸೇರಿಕೊಂಡ. ಮಾವ ಮಾತು ಬಿಟ್ಟು ಮೂರು ವರ್ಷವಾಯಿತು. ದಿನವೂ ಪೆಟ್ಟಿಗೆಗಳೇ ವಿದೇಶಕ್ಕೆ ಹೋಗುತ್ತಿರುವುದನ್ನು ನೋಡಿ ಹೊಟ್ಟೆ ಉರಿದು, ತನ್ನ ಸಂಬಳಕ್ಕೆ ಎಟುಕುವ ವಿದೇಶ ಕೊಲಂಬೊ ಎಂದು ತಿಳಿದು, ಗೆಳೆಯ ಕೆಂಪರಾಜನ ಜೊತೆ ಹೊರಟ.

ಅಲ್ಲಿ ಕಡಲ ದಂಡೆಯಲ್ಲಿ ವಡೆ ತಿನ್ನುತ್ತ, ಕೆಂಪರಾಜನ ಮೊಬೈಲಿಗೆ ಹೀರೋ ಥರ ಎದೆಯುಬ್ಬಿಸಿ ನಿಂತಿದ್ದಾಗ, ಕಾಗೆಯೊಂದು ತಲೆಯ ಮೇಲೆ ಕೂತು ವಡೆ ಕಿತ್ತುಕೊಂಡು ಹೋಯಿತು. ಕೆಂಪರಾಜ ಅದನ್ನು ಸ್ಟೇಟಸ್‌ಗೆ ಹಾಕಿದ. ಊರಿನಲ್ಲಿ ಶಶಿಯ ತಾಯಿ ಅಂಜನಮ್ಮ ಅದನ್ನು ನೋಡಿದರು.

ಕಾಗೆ ತಲೆ ಮುಟ್ಟಿದರೆ ಸಾವು ಬೆನ್ನು ಹತ್ತಿದ ಹಾಗೆ. ಅದಕ್ಕೆ ಪರಿಹಾರ ಒಂದೇ: ಹತ್ತಿರದ ನೆಂಟರಿಗೆ ‘ಸತ್ತ’ ಎಂದು ಸುಳ್ಳು ಸುದ್ದಿ ಕಳಿಸಬೇಕು, ಅವರು ನಂಬಿ ಒಂದು ಹನಿ ಕಣ್ಣೀರು ಹಾಕಬೇಕು. ಅತ್ತರೆ ದೋಷ ಕಳೆಯಿತು. ಆಮೇಲೆ ನಿಜ ಹೇಳಿ ನಗಬಹುದು. ಅಂಜನಮ್ಮ ಪಕ್ಕದ ಬೀದಿಯ ಅಣ್ಣನ ಮನೆಗೆ ಓಡಿಹೋಗಿ, ಮಗ್ಗದ ಸದ್ದಿಗಿಂತ ಜೋರಾಗಿ, “ಶಶಿ ಕೊಲಂಬೊದಲ್ಲಿ ಹೋಗ್ಬಿಟ್ಟ” ಎಂದರು. ಹೇಗೆ ಹೋದ ಎಂಬುದನ್ನು ಮಾತ್ರ ಯೋಚಿಸಿಯೇ ಇರಲಿಲ್ಲ.

ವಾಪಸು ಬರುವ ವಿಮಾನ ಹತ್ತುವ ಮುಂಚೆ ಶಶಿ ಫೋನ್ ಮಾಡಿದಾಗ ತಾಯಿಯ ದನಿ ಕುಗ್ಗಿತ್ತು.

“ಕಾಗೆ ದೋಷ ಕಳೀಲಿ ಅಂತ ನೀನು ಸತ್ತೆ ಅಂದೆ, ಒಬ್ರೂ ಅಳ್ಲಿಲ್ಲ ಕಣೋ. ಬರೀ ಪ್ರಶ್ನೆ.”

“ಏನ್ ಪ್ರಶ್ನೆ?”

“ಹೆಂಗೆ ಸತ್ತ ಅಂತ. ಸಮುದ್ರದಲ್ಲಿ ಮುಳುಗಿದ್ನಾ ಅಂದ್ಲು ನಿಮ್ಮತ್ತೆ. ಅವಳೇ ಮತ್ತೆ, ಮಂಡಿ ನೀರಿಗೇ ಹೆದರೋನು ಎಲ್ಲಿ ಇಳೀತಾನೆ ಅಂದ್ಲು. ಗಾಡಿ ಓಡಿಸ್ತಿದ್ನಾ ಅಂದ್ರೆ, ಗೇರ್ ಗಾಡಿ ಬರಲ್ಲ ನಿಂಗೆ. ಎದುರು ಮನೆ ಲಕ್ಷ್ಮಯ್ಯ, ಜಗಳ ಆಡಿದ್ನಾ ಅಂದ. ಇವ್ನಿಗೆಲ್ಲಿ ಜಗಳ, ಹಾಲಿನವನು ನೀರು ಬೆರೆಸಿದ್ರೂ ಥ್ಯಾಂಕ್ಸ್ ಹೇಳ್ತಾನೆ ಅಂದ್ರು ಎಲ್ಲ. ಕೊನೆಗೆ ನಂಗೇ ನಗು ಬಂದ್ಬಿಡ್ತು. ನಿಜ ಹೇಳ್ಬಿಟ್ಟೆ.”

ಸಾಯುವುದಕ್ಕೆ ಬೇಕಾದ ಒಂದು ಅರ್ಹತೆಯೂ ತನಗಿಲ್ಲವೆಂದು ಬೀದಿಯೇ ಸೇರಿ ತೀರ್ಮಾನಿಸಿತ್ತು. ಶಶಿಗೆ ಅದು ಸರಿಯೆಂದೇ ಅನ್ನಿಸಿತು. ಆದರೂ ಒಂದು ಹನಿಯಾದರೂ ಬೇಡವೇ?

“ಮಾವ ಏನ್ ಕೇಳಿದ್ರು?”

“ಅಣ್ಣ ಏನೂ ಕೇಳ್ಲಿಲ್ಲ. ಸುಮ್ನೆ ಮಗ್ಗ ನಿಲ್ಲಿಸ್ದ. ನಾವು ಇತ್ಲಾಗೆ ಮಾತಾಡ್ತಿದ್ವಿ, ಅವನು ಮೊಪೆಡ್ ಹತ್ತಿ ಎಲ್ಲಿಗೋ ಹೋಗ್ಬಿಟ್ಟಿದಾನೆ. ನಿಜ ಹೇಳೋಣ ಅಂದ್ರೆ ಫೋನ್ ಮಗ್ಗದ ಹತ್ರಾನೇ ಬಿದ್ದಿದೆ. ದೋಷ ಹಂಗೇ ಉಳ್ಕೊಂಡೈತೆ, ವಿಮಾನದಲ್ಲಿ ಹುಷಾರಪ್ಪ.”

ವಿಮಾನದಲ್ಲಿ ಹುಷಾರಾಗಿರುವುದು ಹೇಗೆಂದು ತಿಳಿಯದೆ ಶಶಿ ಸೀಟಿನ ಬೆಲ್ಟನ್ನು ಇನ್ನೊಂದಿಷ್ಟು ಬಿಗಿದುಕೊಂಡ.

“ಗುರು, ನಾನಾದ್ರೂ ಅಳ್ಲಾ?” ಎಂದ ಕೆಂಪರಾಜ.

“ನೀನು ಕಾಗೆ ಪಾರ್ಟಿ. ಸುಮ್ನಿರು.”

ಇಳಿದು ಹೊರಗೆ ಬಂದಾಗ, ಹೆಸರಿನ ಫಲಕ ಹಿಡಿದ ಡ್ರೈವರುಗಳ ನಡುವೆ ಬಚ್ಚಪ್ಪ ನಿಂತಿದ್ದರು. ಮೈಮೇಲೆ ಮಗ್ಗದ ಮುಂದೆ ಕೂತಾಗ ಹಾಕಿದ್ದ ಬನಿಯನ್ನೇ ಇತ್ತು, ಕೂದಲಲ್ಲಿ ರೇಷ್ಮೆಯ ಎಳೆ, ಕಂಕುಳಲ್ಲಿ ಹಸಿರು ಬಟ್ಟೆಯ ಗಂಟು. ಕೆನ್ನೆ ಒದ್ದೆಯಾಗಿತ್ತು. ಶಶಿಯನ್ನು ನೋಡಿ, ಹೆಣದ ಪೆಟ್ಟಿಗೆ ಬರುತ್ತಿದೆಯೇ ಎಂದು ಅವನ ಹಿಂದೆ ಕತ್ತು ಚಾಚಿ ನೋಡಿ, ಮತ್ತೆ ಶಶಿಯನ್ನು ನೋಡಿದರು.

“ಮಾವ, ಕಾಗೆ ಮುಟ್ತು. ಅದಕ್ಕೆ ಅಮ್ಮ…”

ಅಷ್ಟು ಸಾಕಾಯಿತು. ಬಚ್ಚಪ್ಪ ಅವನ ಬೆನ್ನಿಗೊಂದು ಗುದ್ದಿದರು. ಗುದ್ದಿದ ಕೈ ಅಲ್ಲೇ ಉಳಿಯಿತು.

“ಅಳಿಸಕ್ಕೆ ನಾನೇ ಸಿಕ್ಕಿದ್ನೇನೋ, ಲೋಫರ್.”

“ಬೇರೆ ಯಾರೂ ಅಳ್ಲಿಲ್ವಂತೆ ಮಾವ.”

“ನಿಂಗೆ ಇನ್ನೆಷ್ಟು ಜನ ಅಳ್ಬೇಕು?”

ಕೆಂಪರಾಜ ಗಂಟನ್ನು ತೋರಿಸಿ, “ಇದೇನಣ್ಣ?” ಎಂದ. ಮಗ್ಗದ ಮೇಲೆ ಅರ್ಧ ನೇಯ್ದಿದ್ದ ಸೀರೆ ಅದು. ಗಿಳಿಹಸಿರು, ಮಾವಿನಕಾಯಿ ಅಂಚು. ಹಬ್ಬಕ್ಕೂ ಮಗ್ಗ ನಿಲ್ಲಿಸದ ಬಚ್ಚಪ್ಪ ಅದನ್ನು ನಡುವೆಯೇ ಕತ್ತರಿಸಿ ತಂದಿದ್ದರು.

“ಸತ್ತವ್ರಿಗೆ ಸೋದರಮಾವ ಬಟ್ಟೆ ಹೊದಿಸ್ಬೇಕಲ್ಲ. ಅಂಗಡೀದು ತಂದು ಹೊದಿಸ್ಲಾ ಇವ್ನಿಗೆ?”

ಗಿಳಿಹಸಿರು ಸೀರೆ ಹೊದ್ದು ಮಲಗಿರುವ ತನ್ನನ್ನು ನೆನೆದು ಶಶಿಗೆ ನಗು ಬಂತು. ಗಂಟಿನಿಂದ ಇಣುಕುತ್ತಿದ್ದ ಅಂಚನ್ನು ಬೆರಳಿನಿಂದ ಸವರಿದ.

ಬಚ್ಚಪ್ಪ ಅವನ ಫೋನ್ ಕಿತ್ತುಕೊಂಡು ತಂಗಿಗೆ ಹೇಳಿದರು: “ದಾರಿ ಪೂರ್ತಿ ಅತ್ತಿದ್ದೀನಿ ಕಣಮ್ಮ. ಸಾಕಾ, ಇನ್ನೂ ಬೇಕಾ?” ಅಂಜನಮ್ಮನ ನಗು ಪಕ್ಕದಲ್ಲಿದ್ದ ಡ್ರೈವರಿಗೂ ಕೇಳಿಸಿತು.

“ಆತುರದಲ್ಲಿ ಕತ್ತರಿಸಿ ಮಗ್ಗದಲ್ಲಿ ಎಳೆಯೆಲ್ಲ ಜಾರಿಹೋಗಿರುತ್ತೆ,” ಎಂದರು ಮಾವ ಮೊಪೆಡ್ ಏರುತ್ತ. “ನಾಳೆ ಬಂದು ಕೂಡಿಸಿ ಕೊಡು.”

“ನಾಳೆ ಡ್ಯೂಟಿ ಇದೆ ಮಾವ.”

“ಸತ್ತವನಿಗೆ ಎಂಥ ಡ್ಯೂಟಿ?”

ಮರುದಿನ ಶಶಿ ಮಗ್ಗದ ಮುಂದೆ ಕೂತು ಒಂದೊಂದೇ ಎಳೆ ಕೂಡಿಸುತ್ತಿದ್ದಾಗ ಲಕ್ಷ್ಮಯ್ಯ ಬಾಗಿಲಲ್ಲಿ ಇಣುಕಿದ. “ಲೇ ಶಶಿ, ಕೊನೆಗೂ ಹೆಂಗೆ ಸತ್ತೆ ಅಂತ ಹೇಳ್ಲೇ ಇಲ್ವಲ್ಲಾ.”

ಶಶಿ ತಲೆಯೆತ್ತಿದ. ಎಳೆ ಕಡಿಯಿತು.

“ಅವನನ್ನ ಮಾತಾಡಿಸ್ಬೇಡ್ವೋ,” ಎಂದು ಗದರಿದ ಬಚ್ಚಪ್ಪ, ಬೆಳಗಿನಿಂದ ಅವನ ಪಕ್ಕದಲ್ಲೇ ಕೂತು ಮೂರು ವರ್ಷದ ಮಾತನ್ನೆಲ್ಲ ಆಡುತ್ತಿದ್ದರು.