ಮೀನಿಗಿಂತ ಮೊದಲು ಸಮುದ್ರ

ಬೀದಿ ದೀಪಗಳು ಇನ್ನೂ ಆರಿಲ್ಲ. ಬಣ್ಣದ ಮೀನು ಮಾರುವ ಅಂಗಡಿಯ ಷಟರ್ ಅರ್ಧಕ್ಕೆ ಎದ್ದು ನಿಂತಿದೆ. ಒಳಗಿನಿಂದ ಬಕೆಟ್ ಎಳೆಯುವ ಕರಕರ ಸದ್ದು. ಹಿಂದಿನ ಕೋಣೆಯಲ್ಲಿ ಐವತ್ತು ದಾಟಿದ ಹೆಂಗಸೊಬ್ಬರು ತೋಳು ಮೇಲಕ್ಕೇರಿಸಿಕೊಂಡು ಸಮುದ್ರ ತಯಾರಿಸುತ್ತಿದ್ದಾರೆ.

ನೀಲಿ ಡ್ರಮ್ಮಿನ ತುಂಬ ಶೋಧಿಸಿದ ಸಿಹಿನೀರು. ಅದಕ್ಕೆ ಕಡಲ ಮೀನುಗಳಿಗೆಂದೇ ಬರುವ ಉಪ್ಪಿನ ಪುಡಿಯನ್ನು ಸುರಿಯುತ್ತಾರೆ, ಉದ್ದನೆಯ ಕೋಲಿನಿಂದ ಕಲಕುತ್ತಾರೆ. ಅಡುಗೆಯಾದರೆ ನಾಲಿಗೆಗೆ ತಾಕಿಸಿ ನೋಡಬಹುದು. ಇಲ್ಲಿ ಪುಟ್ಟ ದುರ್ಬೀನಿನಂಥ ಸಾಧನವೊಂದಿದೆ. ಅದರ ಗಾಜಿಗೆ ಒಂದು ಹನಿ ನೀರು ಬಿಟ್ಟು, ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡಿದರೆ, ಉಪ್ಪು ಎಷ್ಟಿದೆ ಎಂದು ಒಳಗೆ ಮೂಡುವ ಗೀಟು ತೋರಿಸುತ್ತದೆ. ಬೆಳಕು ಬರುವುದು ಒಂದೇ ಕಿಟಕಿಯಿಂದ. ಕಿಟಕಿಯ ಆಚೆ ಎದುರು ಮನೆಯ ಬಚ್ಚಲು.

"ಅವರು ಜಗಳಕ್ಕೇ ಬಂದಿದ್ರು," ಎಂದು ನಗುತ್ತಾರೆ. "ದಿನಾ ಬೆಳಗಾದ್ರೆ ದುರ್ಬೀನು ಹಿಡ್ಕೊಂಡು ನಮ್ಮನೆ ಬಚ್ಚಲು ನೋಡ್ತೀಯಲ್ಲಮ್ಮ, ನಾಚಿಕೆ ಆಗಲ್ವಾ ಅಂತ. ಒಳಗೆ ಕರೆದು ಅವರ ಕಣ್ಣಿಗೇ ಹಿಡಿದೆ. ‘ಏನೂ ಕಾಣಲ್ಲ, ಬರೀ ಗೀಟು’ ಅಂದ್ರು. ಆದ್ರೂ ಬಚ್ಚಲಿಗೆ ಪರದೆ ಹಾಕಿಸ್ಕೊಂಡ್ರು."

ಗಿರಾಕಿಗಳ ಬಾಯಲ್ಲಿ ಇವರು ಉಪ್ಪಕ್ಕ. ಮೊದಲು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿದ್ದರು. ಅದನ್ನು ಹೊರಗಿನ ಗುತ್ತಿಗೆಗೆ ಕೊಟ್ಟಾಗ ಈ ಅಂಗಡಿಗೆ ನೆಲ ಒರೆಸಲು ಬಂದರು. ಬಂದ ಹೊಸದರಲ್ಲಿ, ಅಭ್ಯಾಸಬಲದಿಂದ, ಮೀನಿನ ಬಕೆಟ್ಟುಗಳನ್ನೆಲ್ಲ ಸೋಪು ಹಾಕಿ ಫಳಫಳ ತೊಳೆದಿಟ್ಟರು. ಮರುದಿನ ಒಂದು ತೊಟ್ಟಿಯ ಮೀನುಗಳೆಲ್ಲ ಹೊಟ್ಟೆ ಮೇಲಾಗಿದ್ದವು. ಮಾಲೀಕ ಬೈಯಲಿಲ್ಲ. ತಲೆಯ ಮೇಲೆ ಕೈಹೊತ್ತು ಕೂತುಬಿಟ್ಟರು. "ಬೈದಿದ್ರೆ ಮನೆಗೆ ಹೋಗ್ತಿದ್ದೆ. ಬೈಲಿಲ್ವಲ್ಲ, ಅದಕ್ಕೇ ಕಲಿತೆ," ಎನ್ನುತ್ತಾರೆ. ಈಗ ಅವರ ಕೈಗಳ ಮೇಲೆ ಉಪ್ಪಿನ ಬಿಳಿ ಗೆರೆಗಳು. ಎಷ್ಟು ಎಣ್ಣೆ ಹಚ್ಚಿದರೂ ಹೋಗುವುದಿಲ್ಲ.

ನೀರು ಕಲಸುವುದು ಅರ್ಧ ಕೆಲಸ. ಮೊದಲ ಬಾರಿ ಕಡಲ ಮೀನು ಸಾಕಲು ಹೊರಟವರನ್ನು ಕೂರಿಸಿಕೊಂಡು ಖರ್ಚಿನ ಲೆಕ್ಕ ಹಾಕಿಸುವುದು ಇನ್ನರ್ಧ. ಗಿರಾಕಿ ಒಳಗೆ ಬಂದು, ಕಿತ್ತಳೆ ಮೈಗೆ ಬಿಳಿ ಪಟ್ಟಿಯ ಮೀನಿನತ್ತ ಬೆರಳು ತೋರಿಸಿ "ಅದು ಬೇಕು" ಅಂದರೆ ಸಾಕು, ಉಪ್ಪಕ್ಕ ಎದ್ದು ಹೋಗಿ ಆ ತೊಟ್ಟಿಯ ಮೇಲೆ ಹಳೆಯ ಟವೆಲ್ ಇಳಿಬಿಡುತ್ತಾರೆ. ಮೀನು ಕಣ್ಣಿಗೆ ಬೀಳುತ್ತಿದ್ದರೆ ಲೆಕ್ಕ ತಲೆಗೆ ಹತ್ತುವುದಿಲ್ಲ ಎನ್ನುವುದು ಅವರ ಅನುಭವ.

"ಮೀನು ಅಗ್ಗ ಕಣಪ್ಪ. ಅದರ ಸಮುದ್ರ ದುಬಾರಿ," ಎಂದು ಶುರು ಮಾಡುತ್ತಾರೆ. ಕೈಯಲ್ಲಿರುವ ದುಡ್ಡನ್ನು ಮೂರು ಪಾಲು ಮಾಡಿಸುತ್ತಾರೆ. ಒಂದು ಪಾಲು ಗಾಜಿನ ತೊಟ್ಟಿ, ಅದರ ಭಾರ ತಡೆಯುವ ಸ್ಟ್ಯಾಂಡು, ದೀಪ, ಪಂಪು, ಹೀಟರಿಗೆ. ಇನ್ನೊಂದು ಮರಳು, ಕಲ್ಲು, ಉಪ್ಪಿಗೆ. ಮೂರನೆಯದನ್ನು ಮುಟ್ಟುವಂತಿಲ್ಲ. ಅದು ಮುಂದಿನ ದಿನಗಳ ಉಪ್ಪಿಗೆ, ಕರೆಂಟ್ ಬಿಲ್ಲಿಗೆ, ಕೈಕೊಡುವ ಪಂಪಿಗೆ. "ಮದುವೆಗೆ ಖರ್ಚು ಮಾಡಿ ಸಂಸಾರಕ್ಕೆ ಇಡದೇ ಹೋದ್ರೆ ಹೇಗೆ?" ಮೀನಿನ ಮಾತು ಆಮೇಲೆ. ಕಣ್ಣಿಗೆ ಕಾಣದ ಜೀವಿಗಳು ಕಲ್ಲಿನಲ್ಲಿ ನೆಲೆಯೂರಿ, ಮೀನಿನ ಕೊಳೆಯನ್ನು ಅರಗಿಸುವಷ್ಟು ಬಲಿಯಬೇಕು. ಅಲ್ಲಿಯವರೆಗೆ ವಾರಗಟ್ಟಲೆ ಬರೀ ಕಲ್ಲು ನೋಡಿಕೊಂಡಿರಬೇಕು. ಕೊನೆಗೆ ಮನೆಯ ತೊಟ್ಟಿಯ ನೀರನ್ನು ಬಾಟಲಿಯಲ್ಲಿ ತಂದು ತೋರಿಸಬೇಕು. ಬಾಟಲಿ ಇಲ್ಲದೆ ಬಂದವರಿಗೆ ಮೀನಿಲ್ಲ.

ಮಾಲೀಕರಿಗೆ ಇದು ತಮಾಷೆಯೂ ಹೌದು, ತಲೆನೋವೂ ಹೌದು. "ಮೀನಿನ ಅಂಗಡೀಲಿ ಕೂತು ಮೀನು ಮಾರದಂಗೆ ಕಾವಲು ಕಾಯ್ತಾರೆ ನಮ್ಮಕ್ಕ. ಆದ್ರೆ ಒಂದು ಹೇಳ್ತೀನಿ, ಇವರ ಹತ್ರ ಬೈಸ್ಕೊಂಡು ಹೋದೋರು ವರ್ಷಗಟ್ಟಲೆ ಉಪ್ಪಿಗೆ ನನ್ನ ಹತ್ರಾನೇ ಬರ್ತಾರೆ."

ಇಷ್ಟೆಲ್ಲ ಮಂದಿಗೆ ಸಮುದ್ರ ಕಟ್ಟಿಕೊಟ್ಟ ಉಪ್ಪಕ್ಕನ ಮನೆಯಲ್ಲಿ ಮಾತ್ರ ಈ ವರ್ಷದವರೆಗೆ ಒಂದು ಮೀನೂ ಇರಲಿಲ್ಲ. ಅವರದು ಎರಡು ಕೋಣೆಯ ಬಾಡಿಗೆ ಮನೆ. ಗೋಡೆಗೆ ಬಣ್ಣ ಬಳಿಯುವ ಕೆಲಸದ ಗಂಡ, ಎಂಬತ್ತರ ಆಸುಪಾಸಿನ ಅತ್ತೆ. ತೊಟ್ಟಿ ಇಡಲು ಇದ್ದದ್ದು ಒಂದೇ ಮೂಲೆ. ಅಲ್ಲಿ ಗಂಡನ ಪೇಂಟ್ ಡಬ್ಬಿಗಳು, ಬ್ರಷ್ಷುಗಳು, ಮಡಚುವ ಏಣಿ.

ಮಾತುಕತೆ ಊಟದ ಹೊತ್ತಿಗೆ ನಡೆಯಿತು. "ಡಬ್ಬಿ ಮೆಟ್ಟಿಲ ಕೆಳಗೆ ಇಡ್ತೀನಿ," ಎಂದು ಗಂಡ ಒಪ್ಪಿದರು. "ಆದ್ರೆ ಮಳೆ ಶುರುವಾಗೋದ್ರೊಳಗೆ ಈ ಮೂಲೇಲಿ ಮೀನು ಓಡಾಡ್ಬೇಕು. ಹಾಗಾದ್ರೆ ಡಬ್ಬಿಗೆ ಬೇರೆ ದಾರಿ ನೋಡ್ತೀನಿ. ಇಲ್ದಿದ್ರೆ ತೊಟ್ಟಿ ಅಂಗಡಿಗೆ, ಡಬ್ಬಿ ವಾಪಸ್ ಮೂಲೆಗೆ. ಮೆಟ್ಟಿಲ ಕೆಳಗೆ ಬಣ್ಣ ನೆನೆದ್ರೆ ನಮ್ಮ ಹೊಟ್ಟೆಗೇ ತಣ್ಣೀರು ಬಟ್ಟೆ."

ಉಪ್ಪಕ್ಕ ಕೂಡಿಟ್ಟ ದುಡ್ಡು ಹಿಡಿದು ಅಂಗಡಿಗೆ ಹೋದರು, ಅವತ್ತು ಗಿರಾಕಿಯಾಗಿ. ಹೋದವರೇ ನೀಲಿ ಬಣ್ಣದ ದೊಡ್ಡ ಮೀನಿನ ಮುಂದೆ ನಿಂತುಬಿಟ್ಟರು. ತಾವು ಕೊಳ್ಳಲಿರುವ ಚಿಕ್ಕ ತೊಟ್ಟಿಯಲ್ಲಿ ಅದಕ್ಕೆ ಹೊರಳಲೂ ಜಾಗವಿಲ್ಲ ಎಂದು ಅವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಕಣ್ಣು ಕೀಳಲಾಗಲಿಲ್ಲ. ಮಾಲೀಕ ಎದ್ದು ಬಂದು ಟವೆಲ್ ಇಳಿಬಿಟ್ಟರು.

"ಕೂತ್ಕೊಳಿ ಅಕ್ಕ. ಮೊದಲು ಮೂರು ಪಾಲು ಮಾಡಿ."

"ನಂಗೇ ಹೇಳ್ಕೊಡ್ತೀರಾ?" ಎಂದು ಉಪ್ಪಕ್ಕ ಮುಖ ಊದಿಸಿಕೊಂಡರು. ಕೂತರು ಕೂಡ.

ತೊಟ್ಟಿ ಮನೆಗೆ ಬಂತು. ನೀರು, ಮರಳು, ಕಲ್ಲು ಬಂದವು. ಅಕ್ಕಪಕ್ಕದವರು ನೋಡಲು ಬಂದರು. ಸೊಸೆ ಕೆಲಸಕ್ಕೆ ಹೋದ ಮೇಲೆ ಅವರಿಗೆಲ್ಲ ಉತ್ತರ ಕೊಡುವ ಹೊಣೆ ಅತ್ತೆಯದು. ಇಷ್ಟು ದುಡ್ಡು ಸುರಿದು ಕಲ್ಲು ತಂದಿಟ್ಟಿದ್ದಾಳೆ ಎಂದು ಯಾರಾದರೂ ಆಡಿಕೊಂಡರೆ ಮನೆಯ ಮರ್ಯಾದೆ ಏನಾಗಬೇಕು? "ಮೀನು ಒಳಗೆ ಮಲಗಿದೆ, ಮೆಲ್ಲಗೆ ಮಾತಾಡ್ರಮ್ಮ," ಎಂದರು ಅತ್ತೆ. ಪಕ್ಕದ ಮನೆಯಾಕೆ ಗಾಜಿಗೆ ಮೂಗು ಒತ್ತಿ ತುಂಬ ಹೊತ್ತು ನೋಡಿ, "ಹಾಂ, ಬಾಲ ಕಾಣಿಸ್ತು!" ಎಂದು ಸಾಕ್ಷಿಯನ್ನೂ ನುಡಿದು ಹೋದರು.

ಅಂತೂ ವಾರಗಳು ಕಳೆದು ಕಲ್ಲು ಬಲಿಯಿತು. ಆಕಾಶದಲ್ಲಿ ಮೋಡ ಕಟ್ಟತೊಡಗಿತ್ತು. ಗಂಡ ದಿನಾ ಮೆಟ್ಟಿಲ ಕೆಳಗೆ ಇಣುಕಿ, ತಲೆಯೆತ್ತಿ ಮೋಡ ನೋಡುತ್ತಿದ್ದರು. ಉಪ್ಪಕ್ಕ ಪಟ್ಟಿ ಮೀನಿನ ಜೋಡಿಗೆಂದು ದುಡ್ಡು ಹಿಡಿದು ಮಾಲೀಕರ ಮುಂದೆ ನಿಂತರು.

"ಬಾಟಲಿ?" ಎಂದರು ಮಾಲೀಕ.

"ನನ್ನ ಮನೆ ನೀರು ನಂಗೆ ಗೊತ್ತಿಲ್ವಾ?"

"ಎಲ್ರೂ ಇದನ್ನೇ ಹೇಳ್ತಾರೆ ಅಂತ ನೀವೇ ನಗ್ತಿರ್ತೀರಲ್ಲ, ಅಕ್ಕ."

ಗೊಣಗಿಕೊಂಡೇ ಮನೆಗೆ ಹೋಗಿ ಬಾಟಲಿಯಲ್ಲಿ ನೀರು ತಂದರು. ದುರ್ಬೀನನ್ನು ಕಣ್ಣಿಗೆ ಹಿಡಿದರು. ಗಾಜು ಒರೆಸಿ ಮತ್ತೆ ಹಿಡಿದರು. ಗೀಟು ಇರಬೇಕಾದ ಜಾಗ ಬಿಟ್ಟು ಎಲ್ಲೋ ಮೇಲೆ ಕೂತಿತ್ತು. ಅಷ್ಟು ಉಪ್ಪಿನ ನೀರಿಗೆ ಬಿಟ್ಟಿದ್ದರೆ ಮೀನಿನ ಕಥೆ ಬೆಳಗಾಗುವುದರಲ್ಲಿ ಮುಗಿದಿರುತ್ತಿತ್ತು.

ಮನೆಯಲ್ಲಿ ವಿಚಾರಿಸಿದಾಗ ಅತ್ತೆ ಹೆಮ್ಮೆಯಿಂದಲೇ ಹೇಳಿದರು: "ದಿನಾ ನೀರು ಕಮ್ಮಿ ಆಗ್ತಿತ್ತು. ನೀನು ಸುಸ್ತಾಗಿ ಬರ್ತೀಯ ಅಂತ ನಾನೇ ಹಾಕ್ತಿದ್ದೆ. ನೀನು ತಂದಿಟ್ಟ ಸಿಹಿನೀರಿನ ಕ್ಯಾನ್ ಮುಟ್ಲೇ ಇಲ್ಲ. ಸಮುದ್ರಕ್ಕೆ ಸಿಹಿನೀರು ಹಾಕೋಕೆ ನಂಗೇನು ಬುದ್ಧಿ ಇಲ್ವಾ? ನಿನ್ನ ಉಪ್ಪಿನ ಪುಡಿ ಕಲಸಿ ಉಪ್ಪುನೀರೇ ಹಾಕಿದೀನಿ."

ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಕಮ್ಮಿಯಾದಷ್ಟಕ್ಕೆ ಸಿಹಿನೀರನ್ನೇ ತುಂಬಬೇಕು. ಇದನ್ನು ಉಪ್ಪಕ್ಕ ಹೇಳದ ಗಿರಾಕಿಯಿಲ್ಲ. ದಿನವಿಡೀ ತೊಟ್ಟಿಯ ಎದುರು ಕೂತಿರುವ ಅತ್ತೆಗೆ ಹೇಳಲು ಮಾತ್ರ ಮರೆತಿದ್ದರು.

ಸೊಸೆಯ ಮುಖ ನೋಡಿ ಅತ್ತೆಗೆ ಏನೋ ಎಡವಟ್ಟಾಗಿದೆ ಎಂದು ಅರ್ಥವಾಯಿತು. "ಕೊಂದುಬಿಟ್ನಾ?" ಎಂದರು ಸಣ್ಣ ದನಿಯಲ್ಲಿ.

"ಯಾರನ್ನು ಅತ್ತೆ? ಒಳಗೆ ಯಾರೂ ಇಲ್ವಲ್ಲ!" ಎಂದು ಉಪ್ಪಕ್ಕ ನಕ್ಕುಬಿಟ್ಟರು. ಅತ್ತೆ ನಗಲಿಲ್ಲ. ಆ ದಿನ ಊಟಕ್ಕೂ ಸರಿಯಾಗಿ ಕೂರಲಿಲ್ಲ. ಮೂಲೆ ಕೈತಪ್ಪಿದರೆ ಅದು ತಮ್ಮಿಂದಲೇ ಎಂದು ಒಳಗೊಳಗೇ ಕುಗ್ಗಿಹೋಗಿದ್ದರು.

ಮೊದಲ ಮಳೆ ಮರುದಿನ ಸಂಜೆಯೇ ಸುರಿಯಿತು. ಗಂಡ ಮೆಟ್ಟಿಲಿಳಿದು ಓಡಿದ ಸದ್ದು ಕೇಳಿ ಉಪ್ಪಕ್ಕ ತೊಟ್ಟಿಯ ವೈರ್ ಕಳಚಲು ಎದ್ದರು. ಕೊಟ್ಟ ಮಾತೆಂದರೆ ಮಾತು. ಅತ್ತೆ ಮಾತ್ರ ಕುರ್ಚಿ ಎಳೆದುಕೊಂಡು ತೊಟ್ಟಿಗೆ ಅಡ್ಡವಾಗಿ ಕೂತರು. "ತಪ್ಪು ನಂದು. ನೀರು ಸರಿ ಹೋಗೋವರೆಗೂ ಇದನ್ನ ಯಾರೂ ಮುಟ್ಬಾರ್ದು. ಅವನು ಬರ್ಲಿ, ನಾನು ಮಾತಾಡ್ತೀನಿ."

ಗಂಡ ಒದ್ದೆ ತಲೆಯಲ್ಲಿ ಮೇಲೆ ಬಂದರು. ಕೈಯಲ್ಲಿ ಡಬ್ಬಿಗಳಿರಲಿಲ್ಲ. ಅವುಗಳಿಗೆ ದಪ್ಪ ಪ್ಲಾಸ್ಟಿಕ್ ಹೊದಿಸಿ ಹಗ್ಗ ಬಿಗಿದು ಬಂದಿದ್ದರು. "ಇದೇನು, ಧರಣಿನಾ?" ಎಂದು ತಾಯಿಯನ್ನು ಕೇಳಿ, ಜೇಬಿನಿಂದ ಸಣ್ಣ ಬ್ರಷ್ಷು ತೆಗೆದು, ಗಾಜಿನ ಹೊರಗೆ ನೀರಿನ ಮಟ್ಟಕ್ಕೆ ಸರಿಯಾಗಿ ಕೆಂಪು ಗೆರೆಯೊಂದನ್ನು ಎಳೆದರು. "ಇಲ್ಲೀವರೆಗೆ, ಸಿಹಿನೀರು. ಗೊತ್ತಾಯ್ತಾಮ್ಮ?"

ಸ್ವಲ್ಪ ಉಪ್ಪುನೀರು ತೆಗೆದು ಅಷ್ಟೇ ಸಿಹಿನೀರು ಹಾಕುತ್ತ, ಅವಸರವಿಲ್ಲದೆ, ಉಪ್ಪಕ್ಕ ಗೀಟನ್ನು ಜಾಗಕ್ಕಿಳಿಸಿದರು. ಈಗ ತೊಟ್ಟಿಯಲ್ಲಿ ಎರಡು ಪಟ್ಟಿ ಮೀನುಗಳಿವೆ. ಒಂದು ಸದಾ ಓಡಾಡುತ್ತದೆ. ಇನ್ನೊಂದು ಗಾಜಿನ ಬಳಿ ಬಂದು ಎದುರಿಗೆ ಕೂತವರನ್ನು ದಿಟ್ಟಿಸುತ್ತದೆ. ಕೆಂಪು ಗೆರೆಗೆ ನೀರು ತುಂಬುವುದು ಅತ್ತೆಯ ಕೆಲಸ. ಬೇರೆ ಯಾರೂ ಲೋಟ ಮುಟ್ಟುವಂತಿಲ್ಲ.

ಇನ್ನೇನು ಆಸೆ ಎಂದು ಕೇಳಿದರೆ ಉಪ್ಪಕ್ಕ ಬಿಳಿಗಟ್ಟಿದ ಅಂಗೈಗಳನ್ನು ಉಜ್ಜಿಕೊಳ್ಳುತ್ತಾರೆ. "ಏನಿಲ್ಲ. ಕೆಲಸದಿಂದ ಬಂದ ಮೇಲೆ, ಕೈಲಿ ಬಕೆಟ್ ಇಲ್ದೆ, ಅದರ ಮುಂದೆ ಸ್ವಲ್ಪ ಹೊತ್ತು ಸುಮ್ನೆ ಕೂತ್ಕೋಬೇಕು. ಆದ್ರೆ ಮನೇಲಿರೋದು ಒಂದೇ ಕುರ್ಚಿ. ಅದರಿಂದ ಅತ್ತೆ ಏಳಲ್ಲ." ಮತ್ತೆ, ಗಿರಾಕಿಗೆ ಹೇಳುವ ಅದೇ ದನಿಯಲ್ಲಿ ಸೇರಿಸುತ್ತಾರೆ: "ಪಂಪು, ದೀಪ, ಉಪ್ಪು, ಎಲ್ಲದಕ್ಕೂ ದುಡ್ಡು ತೆಗೆದಿಟ್ಟಿದ್ದೆ ನೋಡಿ. ಎರಡನೇ ಕುರ್ಚಿ ಬೇಕಾಗತ್ತೆ ಅಂತ ಹೊಳೀಲೇ ಇಲ್ಲ."